ಒಂದು ಅಕ್ಷರ, ಒಂದು ಚುಕ್ಕೆ

ನಾಲ್ಕಡಿ ಆಳ ಬೇಕು ಗುಂಡಿ.
ಕಡಿಮೆಯಾದರೆ ಚಳಿಗೆ ಉಬ್ಬಿದ ನೆಲ
ಕಂಬವನ್ನು ಹಲ್ಲಿನಂತೆ ಕಿತ್ತು ಉಗುಳುತ್ತದೆ.
ಇಪ್ಪತ್ತಾರು ವರ್ಷದಿಂದ ಕೌಂಟಿಯ ರಸ್ತೆಯಲ್ಲಿ
ಗುಂಡಿ ಮುಚ್ಚುವವನು ನಾನು. ಇವತ್ತು ತೋಡುತ್ತಿದ್ದೇನೆ.

ಫಿಲೀನಾ ಊಸ್ಟರ್‌ಹೌಟ್ ಕಾರಿಗೆ ಒರಗಿ
ಥರ್ಮಾಸ್ ಹಿಡಿದು ನಿಂತಿದ್ದಾಳೆ.
ಊರಿನ ಚರಿತ್ರೆ ನೋಡಿಕೊಳ್ಳುವವಳು:
ವರ್ಷಕ್ಕೆ ಆರುನೂರು ಡಾಲರು,
ಗ್ರಂಥಾಲಯದ ನೆಲಮಾಳಿಗೆಯಲ್ಲಿ ಒಂದು ಮೇಜು,
ಪೈಪು ಸೋರಿದರೆ ಮೇಜಿನ ಮೇಲಿಡಲು ಒಂದು ಬಕೆಟ್ಟು.
ಈ ಫಲಕಕ್ಕೆ ಅನುದಾನ ಕೇಳಿ ಮೂರು ಸಲ ಬರೆದಳು.
ಮೂರು ಸಲವೂ ಪ್ರತಿಷ್ಠಾನದ ಉತ್ತರ ಬಲು ವಿನಯದ್ದು:
ಅಜ್ಜಿ ಹೇಳಿದ ಕತೆ ಸಾಲದು,
ಆ ಕಾಲದ ಕಾಗದ ಬೇಕು.

ಕತೆ ಇಲ್ಲಿ ಎಲ್ಲರಿಗೂ ಗೊತ್ತು.
ಸಾವಿರದ ಒಂಬೈನೂರ ಒಂಬತ್ತು, ಏಪ್ರಿಲ್, ರಾತ್ರಿ.
ಕಾಗದದ ಗಿರಣಿಯ ಕಟ್ಟೆ ಬಿರಿಯಿತು.
(ಗಿರಣಿಯೂ ಹೋಯಿತು, ಅದರ ಕಾಗದವೂ.)
ಟೆಲಿಫೋನಿನ ಹುಡುಗಿ ಎದ್ದು ಓಡಲಿಲ್ಲ.
ಕಣಿವೆಯ ಮನೆಮನೆಗೂ ಗಂಟೆ ಹೊಡೆದಳು:
ಮೇಲಕ್ಕೆ ಹತ್ತಿ. ದೀಪ ಹುಡುಕಬೇಡಿ. ಹತ್ತಿ.
ನಮ್ಮ ಮನೆಯ ಗಂಟೆ ಎರಡು ಉದ್ದ, ಒಂದು ಗಿಡ್ಡ.
ನನ್ನಜ್ಜ ಆಗ ತೊಟ್ಟಿಲ ಕೂಸು;
ಹಿಟ್ಟಿನ ಚೀಲದಂತೆ ಯಾರದೋ ಹೆಗಲೇರಿ ಗುಡ್ಡ ಸೇರಿದನಂತೆ.
ಅವಳ ಹೆಸರು ಮಾತ್ರ ಯಾರೂ ಕೇಳಿಟ್ಟುಕೊಳ್ಳಲಿಲ್ಲ.
ಹುಡುಗಿ ಅಂದರೆ ಹುಡುಗಿ.
ಕಟ್ಟೆಯ ಯಜಮಾನನ ಹೆಸರಲ್ಲಿ ಇಲ್ಲಿ ಶಾಲೆಯಿದೆ.

ಕಾಗದ ಸಿಕ್ಕಿದ್ದು ಹೋದ ಚಳಿಗಾಲ,
ಮುಚ್ಚಿಹೋದ ಕಂಪನಿಯ ಲೆಕ್ಕದ ಪುಸ್ತಕದಲ್ಲಿ.
ಹೊಗಳಿಕೆಯಲ್ಲ. ದಂಡ.
'ಎಚ್. ಟ್ರಾಸ್ಕ್. ಅಪ್ಪಣೆಯಿಲ್ಲದ ಕರೆ ನಲವತ್ತೇಳು.
ತಲಾ ಮೂರು ಸೆಂಟು. ಸಂಬಳದಲ್ಲಿ ಮುರಿದಿದೆ.'
ಕೆಳಗೆ ಸಾಲಾಗಿ ಮನೆಗಳು. ನಮ್ಮದು ಹನ್ನೊಂದನೆಯದು.
ಮೂರು ಸೆಂಟು: ನನ್ನಜ್ಜ, ನನ್ನಪ್ಪ, ನಾನು,
ಈ ಗುದ್ದಲಿ ಹಿಡಿದ ಕೈ.
ನಡುನಡುವೆ, ಐದು ಮನೆಗೊಮ್ಮೆ, ಏಳು ಮನೆಗೊಮ್ಮೆ,
ಟ್ರಾಸ್ಕ್ ಮನೆ. ಉತ್ತರವಿಲ್ಲ.
ಟ್ರಾಸ್ಕ್ ಮನೆ. ಉತ್ತರವಿಲ್ಲ.
ಎಣಿಸಿದರೆ ಆರು.
ಎತ್ತದ ಕರೆಗೂ ಮೂರು ಸೆಂಟು.

ಅನುದಾನ ಬಂತು.
ಫಲಕಕ್ಕೆ ಐದು ಸಾಲು, ಸಾಲಿಗೆ ಇಪ್ಪತ್ತೆಂಟು ಅಕ್ಷರ,
ಖಾಲಿ ಜಾಗವೂ ಅಕ್ಷರದ ಲೆಕ್ಕವೇ.
ಫಿಲೀನಾ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಕತ್ತರಿಸಿ
ತಿಂಗಳಿಡೀ ಜೋಡಿಸಿದಳು, ಕೆಡವಿದಳು.
'ದಂಡ' ಒಳಗೆ ಬಂದರೆ 'ಪ್ರವಾಹ' ಹೊರಗೆ.
'ಆರು ಸಲ' ಬಂದರೆ ವರ್ಷವೇ ಹೊರಗೆ.
ಕೊನೆಗೆ ದಂಡ, ಆರು ಸಲ, ಎರಡೂ
ಊಟಕ್ಕೆ ಕರೆಯದ ನೆಂಟರಂತೆ ಬಾಗಿಲಲ್ಲೇ ಉಳಿದವು.

ಎಚ್ ಎಂದರೆ ಏನು ಎಂದು ಪ್ರತಿಷ್ಠಾನ ಕೇಳಿತು.
ಜನಗಣತಿಯ ಹಾಳೆಯಲ್ಲಿ ಆ ಮನೆಗೆ ಇಬ್ಬರು ಹೆಣ್ಣುಮಕ್ಕಳು:
ಹಲ್ಡಾ, ಹತ್ತು ವರ್ಷ. ಹೆಸ್ಟರ್, ಎಂಟು.
ಮುಂದಿನ ಜನಗಣತಿಯಲ್ಲಿ ಮನೆಯೇ ಇಲ್ಲ.
ದೊಡ್ಡವರಾದ ಇಬ್ಬರಲ್ಲಿ ಅವತ್ತು
ಕರೆದವಳು ಯಾರು, ಎತ್ತದವಳು ಯಾರು?
ಇನ್ನೊಂದು ಕಾಗದ ಸಿಗುವವರೆಗೆ
ಒಂದು ಅಕ್ಷರ, ಒಂದು ಚುಕ್ಕೆ.

ಕಾಂಕ್ರೀಟು ಸುರಿದೆ. ಮಟ್ಟ ನೋಡಿದೆ.
ಹಾಲಿನ ಟ್ಯಾಂಕರೊಂದು ನಮ್ಮ ಟೋಪಿ ಹಾರಿಸಿ ಹೋಯಿತು.
ಈ ವೇಗಕ್ಕೆ ಕಣ್ಣಿಗೆ ಸಿಗುವುದು ಮೊದಲ ಎರಡು ಸಾಲು ಮಾತ್ರ,
ಫಿಲೀನಾ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತು ನೋಡಿದ್ದಾಳೆ;
ಅದಕ್ಕೇ ಹೆಸರು ಮೇಲಿನ ಸಾಲಿಗೆ.

ಟ್ರಾಸ್ಕ್ ಮನೆಯ ಗಂಟೆ ಹೇಗೆ, ಕೇಳಿದೆ.
ಒಂದೇ ಉದ್ದ, ಅಂದಳು.
ಕಾಫಿ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಅವಳು ಸುಮ್ಮನೆ ಕಂಬದತ್ತ ಕೈ ಚಾಚಿದಳು.
ಒರಗಬೇಡ, ಅಂದೆ ನಾನು.
ನಾಳೆಯವರೆಗೂ ಹಸಿ.